ಫೋನಿಲ್ಲದ ಕಾಡಿನಲ್ಲಿ ಪ್ರಶ್ನೆಗಳ ಜೊತೆ

ನಮ್ಮ ಮನೆಯಲ್ಲಿ ಪ್ರಶ್ನೆಗಳು ಜಾಸ್ತಿ ಹೊತ್ತು ಬದುಕುವುದಿಲ್ಲ. ಊಟದ ಮಧ್ಯೆ ಮಗ "ಆಕ್ಟೋಪಸ್‌ಗೆ ಎಷ್ಟು ಹೃದಯ ಇರುತ್ತೆ?" ಅಂತ ಕೇಳುತ್ತಾನೆ. ಯಾರೋ ಒಬ್ಬರು ಫೋನ್ ತೆಗೆಯುತ್ತಾರೆ. "ಮೂರು." ಅಷ್ಟೇ, ಮುಗೀತು. ಉತ್ತರ ಸರಿಯಾಗಿಯೇ ಇರುತ್ತದೆ. ಆದರೆ ಯಾರೂ ಊಹೆ ಮಾಡಲಿಲ್ಲ, ಯಾರೂ ವಾದ ಮಾಡಲಿಲ್ಲ. ಅತ್ತೆ ಅಲ್ಲೇ ಕೂತಿರುತ್ತಾರೆ, ಅವರನ್ನು ಯಾರೂ ಕೇಳಲೂ ಇಲ್ಲ.

ಅತ್ತೆ ಬೇಸಿಗೆಗೆ ಅಂತ ಊರಿಂದ ನಮ್ಮಲ್ಲಿಗೆ ಬಂದಿದ್ದರು. ಅವರು ಹುಟ್ಟಿ ಬೆಳೆದದ್ದು ಯಳಂದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಬಿಳಿಗಿರಿರಂಗನ ಬೆಟ್ಟ ಕಣ್ಣಿಗೆ ಕಾಣುವಷ್ಟು ಹತ್ತಿರ. ನಾವಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಇಲ್ಲಿ ಅವರಿಗೆ ಹಗಲೆಲ್ಲ ಫೋನೇ ಜೊತೆ. ಮೈಸೂರಿನಲ್ಲಿರುವ ಮಗಳ ಜೊತೆ ವಿಡಿಯೋ ಕಾಲ್, ವಾಟ್ಸಾಪ್‌ನಲ್ಲಿ ಅಕ್ಕತಂಗಿಯರ ಗುಂಪು. ಮಕ್ಕಳಿಗೂ ಅವರವರ ಫೋನು. ಒಂದೇ ಸೋಫಾದಲ್ಲಿ ಅಜ್ಜಿ ಮತ್ತು ಮೊಮ್ಮಗಳು ಕೂತು ಬೇರೆ ಬೇರೆ ಪರದೆ ನೋಡುವುದನ್ನು ನೋಡಿ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಆರು ತಿಂಗಳು ಇರಲು ಬಂದವರು ಹೀಗೇ ವಾಪಸ್ ಹೋಗಿಬಿಟ್ಟರೆ?

ಹಾಗಾಗಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಟೆಂಟ್ ಹಾಕಿಕೊಂಡು ಇರುವುದು, ಫೋನ್ ಮುಟ್ಟದೆ ಇರುವುದು ಅಂತ ತೀರ್ಮಾನ ಮಾಡಿದೆವು. "ಡಿಜಿಟಲ್ ಡಿಟಾಕ್ಸ್" ಅನ್ನುವ ಮಾತು ನನಗೆ ಇಷ್ಟವಿಲ್ಲ. ಅತ್ತೆಗೆ ಮಗಳ ಮುಖ ತೋರಿಸುವ ವಸ್ತುವನ್ನು ವಿಷ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ನನಗೆ ಬೇಕಿದ್ದದ್ದು ಇಷ್ಟೇ. ಸ್ವಲ್ಪ ದಿನ ನಮ್ಮ ಪ್ರಶ್ನೆಗಳು ನಮ್ಮ ನಮ್ಮಲ್ಲೇ ಓಡಾಡಲಿ.

ಇದಕ್ಕೂ ತಯಾರಿ ಬೇಕು. ಯೊಸೆಮಿಟಿಯಲ್ಲಿ ಬೇಸಿಗೆಯ ಕ್ಯಾಂಪ್‌ಗ್ರೌಂಡ್ ಜಾಗಗಳನ್ನು ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. ಬೆಳಿಗ್ಗೆ 7 ಗಂಟೆಗೆ ಬುಕಿಂಗ್ ತೆರೆಯುತ್ತದೆ, ನಿಮಿಷಗಳಲ್ಲಿ ಜಾಗ ಖಾಲಿ. ನಮಗೆ ಸಿಕ್ಕಿದ್ದು ಗ್ಲೇಸಿಯರ್ ಪಾಯಿಂಟ್ ರಸ್ತೆಯಲ್ಲಿರುವ ಬ್ರೈಡಲ್‌ವೇಲ್ ಕ್ರೀಕ್ ಕ್ಯಾಂಪ್‌ಗ್ರೌಂಡ್. ಬುಕಿಂಗ್ ಪ್ರಿಂಟ್ ತೆಗೆದುಕೊಂಡೆವು. ಎಲ್ಲಿರುತ್ತೇವೆ, ಯಾವಾಗ ವಾಪಸ್ ಬರುತ್ತೇವೆ ಅಂತ ಪಕ್ಕದ ಮನೆಯವರಿಗೆ ಬರೆದು ಕೊಟ್ಟೆವು. ಒಂದು ಫೋನನ್ನು ಸ್ವಿಚ್ ಆಫ್ ಮಾಡಿ ಕಾರಿನ ಡ್ಯಾಶ್‌ಬೋರ್ಡ್ ಒಳಗೆ ಇಟ್ಟೆವು, ತೀರಾ ತುರ್ತು ಬಂದರೆ ಇರಲಿ ಅಂತ. ಹದಿಮೂರರ ಮಗಳು ಮುಖ ಊದಿಸಿಕೊಂಡೇ ಫೋನ್ ಮನೆಯಲ್ಲಿಟ್ಟಳು. ಅತ್ತೆ ಹಿಂದಿನ ರಾತ್ರಿ ಮೈಸೂರಿಗೆ ಕಾಲ್ ಮಾಡಿ, "ಕಾಡಿಗೆ ಹೋಗ್ತಿದೀವಿ ಕಣೇ, ನಾನೇ ಫೋನ್ ಮಾಡೋವರೆಗೂ ಗಾಬರಿ ಆಗ್ಬೇಡ" ಅಂತ ಹೇಳಿದರು. ಎಲ್ಲರಿಗಿಂತ ಜಾಸ್ತಿ ಬಿಟ್ಟುಕೊಟ್ಟವರು ಅವರೇ.

ಭೀಮನ ಅಮಾವಾಸ್ಯೆಯ ಪೂಜೆ ಮುಗಿಸಿ ಮಾರನೇ ದಿನ ಹೊರಟೆವು. ನಕ್ಷತ್ರ ನೋಡಲು ಅಮಾವಾಸ್ಯೆಯ ಆಸುಪಾಸಿನ ದಿನಗಳೇ ಚೆಂದ.

ಯೊಸೆಮಿಟಿ ಸುಮಾರು 3,000 ಚದರ ಕಿಲೋಮೀಟರ್ ಕಾಡು. ನಮ್ಮ ನಾಗರಹೊಳೆಯ ನಾಲ್ಕರಷ್ಟಕ್ಕಿಂತಲೂ ದೊಡ್ಡದು. ಜನ ಸೇರುವುದು ಮಾತ್ರ ಅದರ ಒಂದು ಸಣ್ಣ ಕಣಿವೆಯಲ್ಲಿ. ನಮ್ಮ ಕ್ಯಾಂಪ್‌ಗ್ರೌಂಡ್ ಆ ಕಣಿವೆಯಿಂದ ಮೇಲೆ, ಸುಮಾರು 7,200 ಅಡಿ ಎತ್ತರದಲ್ಲಿ. ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರ. ಜುಲೈನಲ್ಲೂ ರಾತ್ರಿ ಸ್ವೆಟರ್, ಟೋಪಿ ಬೇಕೇ ಬೇಕು.

ಅಲ್ಲಿ ಇಳಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಟೆಂಟ್ ಹಾಕುವುದಲ್ಲ, ಕರಡಿ ಪೆಟ್ಟಿಗೆ ತುಂಬುವುದು. ಪ್ರತಿ ಜಾಗದಲ್ಲೂ ಕಬ್ಬಿಣದ ಒಂದು ದೊಡ್ಡ ಪೆಟ್ಟಿಗೆ ಇರುತ್ತದೆ. ಊಟದ ಸಾಮಾನೆಲ್ಲ ಅದರೊಳಗೆ ಹೋಗಬೇಕು. ರಾತ್ರಿ ಕಾರಿನಲ್ಲೂ ಇಡುವಂತಿಲ್ಲ, ಟೆಂಟಿನಲ್ಲೂ ಇಡುವಂತಿಲ್ಲ. ಊಟವಷ್ಟೇ ಅಲ್ಲ, ವಾಸನೆ ಬರುವ ಯಾವುದೂ ಹೊರಗಿರಬಾರದು. ಟೂತ್‌ಪೇಸ್ಟ್, ಸೋಪು ಸಮೇತ. ಅತ್ತೆ ತಮ್ಮ ಚೀಲ ಬಿಚ್ಚಿದರು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಊದುಬತ್ತಿ, ಕರ್ಪೂರ, ಇಂಗು, ಚಟ್ನಿಪುಡಿ, ನಿಂಬೆ ಉಪ್ಪಿನಕಾಯಿ. ಎಲ್ಲ ಒಂದೊಂದಾಗಿ ಪೆಟ್ಟಿಗೆ ಸೇರಿದವು. "ದೇವರ ಸಾಮಾನಿಗೂ ಕರಡಿ ಬರುತ್ತಾ?" ಅಂತ ಅವರು ಕೇಳಿದರು. ಆ ದಿನಗಳ ಮೊದಲ ಪ್ರಶ್ನೆ ಅದು.

ಉತ್ತರ ಮಾರನೇ ದಿನ ಒಬ್ಬ ರೇಂಜರಮ್ಮನಿಂದ ಸಿಕ್ಕಿತು. ಕರಡಿಯ ಮೂಗಿಗೆ ದೇವರ ಸಾಮಾನು, ಅಡುಗೆ ಸಾಮಾನು ಅಂತ ಭೇದ ಇಲ್ಲವಂತೆ. ಗೊತ್ತಿಲ್ಲದ ವಾಸನೆ ಬಂದರೂ ಏನಿದೆ ಅಂತ ನೋಡಲು ಬರುತ್ತದೆ. ಒಂದು ಕಾಲದಲ್ಲಿ ಇದೇ ಯೊಸೆಮಿಟಿಯಲ್ಲಿ ಕಸದ ಗುಂಡಿಗೆ ಬರುವ ಕರಡಿಗಳನ್ನು ತೋರಿಸುವುದೇ ಪ್ರವಾಸಿಗರಿಗೊಂದು ಆಟವಾಗಿತ್ತು. ಮನುಷ್ಯರ ಊಟದ ರುಚಿ ಹತ್ತಿದ ಕರಡಿಗಳು ಕಾರಿನ ಬಾಗಿಲನ್ನೇ ಕಿತ್ತು ಹಾಕುವಷ್ಟು ಕಲಿತವು. 1998ರ ಒಂದೇ ವರ್ಷದಲ್ಲಿ 1,500ಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಆಮೇಲೆ ಪೆಟ್ಟಿಗೆ, ಕಟ್ಟುನಿಟ್ಟು, ದಂಡ ಎಲ್ಲ ಬಂದು ಈಗ ತುಂಬಾ ಕಡಿಮೆಯಾಗಿದೆ. ಊಟದ ಆಸೆಗೆ ಬಿದ್ದ ಕರಡಿಯನ್ನು ಎಷ್ಟೋ ಸಲ ಕೊನೆಗೆ ಕೊಲ್ಲಬೇಕಾಗುತ್ತದೆ. ಅಂದರೆ ಆ ಪೆಟ್ಟಿಗೆ ಇರುವುದು ನಮಗಿಂತ ಜಾಸ್ತಿ ಕರಡಿಗೋಸ್ಕರ. ಇದನ್ನು ಕೇಳಿದ ಮೇಲೆ ಮಗ ರಾತ್ರಿ ಮಲಗುವ ಮೊದಲು ಎದ್ದು ಹೋಗಿ ಚಿಲಕ ಹಾಕಿದೆಯಾ ಅಂತ ನೋಡಿಬರತೊಡಗಿದ. ಯಾರೂ ಹೇಳಿರಲಿಲ್ಲ.

ಅವನಿಗೆ ಇನ್ನೊಂದು ಅನುಮಾನವೂ ಇತ್ತು. ಕ್ಯಾಲಿಫೋರ್ನಿಯಾದ ಬಾವುಟದಲ್ಲಿ ಒಂದು ಕರಡಿ ಇದೆಯಲ್ಲ, ಅದು ಇದೇನಾ? ಅಲ್ಲ. ಬಾವುಟದಲ್ಲಿರುವುದು ಗ್ರಿಜ್ಲಿ. 1920ರ ದಶಕದ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಅದರ ಸಂತತಿಯೇ ಅಳಿದುಹೋಯಿತು. ಈಗ ಇರುವುದೆಲ್ಲ ಕಪ್ಪು ಕರಡಿ, ಅದರಲ್ಲಿ ಬಹಳಷ್ಟರ ಬಣ್ಣ ಕಂದು. ಬಾವುಟದಲ್ಲಿ ಇದೆ, ಕಾಡಿನಲ್ಲಿ ಇಲ್ಲ ಅನ್ನುವುದು ಅವನನ್ನು ತುಂಬಾ ಕಾಡಿತು. ಸಂಜೆಯವರೆಗೂ ಅದೇ ಮಾತು.

ಮೊದಲ ಸಂಜೆ ಸುಲಭವಾಗಿರಲಿಲ್ಲ. ಟೆಂಟ್ ಹಾಕಿ ಆಯಿತು, ಕುರ್ಚಿ ಬಿಡಿಸಿ ಆಯಿತು. ಆಮೇಲೆ? ಮಗಳ ಕೈ ಆಗಾಗ ಜೇಬಿಗೆ ಹೋಗಿ ಖಾಲಿ ವಾಪಸ್ ಬರುತ್ತಿತ್ತು. "ಅಮ್ಮಾ, ಬೋರ್" ಅಂದಳು. ನಾನು ಏನೂ ಹೇಳಲಿಲ್ಲ. ಮಕ್ಕಳಿಗೆ ಬೇಜಾರಾದರೆ ಕೂಡಲೇ ಏನಾದರೂ ಮಾಡಬೇಕು ಅನ್ನುವ ಅವಸರ ನಮ್ಮಂಥ ತಾಯಂದಿರಿಗೆ ಜಾಸ್ತಿ. ಅವತ್ತು ಸುಮ್ನೆ ಕೂತೆ. ಅತ್ತೆ ಮಾತ್ರ, "ಬಾ ಇಲ್ಲಿ, ಬೀನ್ಸ್ ಮುರಿ" ಅಂತ ಅವಳನ್ನು ಕರೆದರು.

ಅಡುಗೆ ಬಗ್ಗೆ ಒಂದು ಮಾತು. ನಾವು ಪ್ರೆಶರ್ ಕುಕ್ಕರ್ ಒಯ್ದಿದ್ದೆವು. ಕ್ಯಾಂಪಿಂಗ್‌ಗೆ ಕುಕ್ಕರ್ ಯಾಕೆ ಅಂತ ಮಗಳಿಗೆ ನಾಚಿಕೆ. ಆದರೆ ಆ ಎತ್ತರದಲ್ಲಿ ಅದಿಲ್ಲದೆ ಬೇಳೆ ಬೇಯುವುದು ಕಷ್ಟ. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಕುದಿಯುವ ಹಾಗೆ ಕಾಣುತ್ತದೆ, ಬಿಸಿ ಮಾತ್ರ ಸಾಲದು. ಕುಕ್ಕರಿನ ಒಳಗೆ ಒತ್ತಡ ಏರುವುದರಿಂದ ನೀರು ಇನ್ನೂ ಬಿಸಿಯಾಗಿ ಬೇಳೆ ಬೇಯುತ್ತದೆ. ಇದನ್ನು ನನ್ನ ಗಂಡ ಮಗಳಿಗೆ ವಿವರಿಸುತ್ತಿದ್ದಾಗ ಅತ್ತೆ, "ಅದಕ್ಕೇ ಬೆಟ್ಟದ ಮೇಲೆ ಪ್ರಸಾದದ ಅನ್ನಕ್ಕೆ ಅಷ್ಟು ಹೊತ್ತು ಹಿಡೀತಿತ್ತೇನೋ" ಅಂದರು. ಬಿಳಿಗಿರಿರಂಗನ ಬೆಟ್ಟ ಅಷ್ಟೇನೂ ಎತ್ತರ ಅಲ್ಲ, ಸೌದೆ ಒಲೆಯದೂ ಪಾಲಿರಬಹುದು. ಆದರೆ ಆ ಮಾತಿನಿಂದ ಅವರ ಬಾಯಲ್ಲಿ ಬೆಟ್ಟ ಬಂತು. ಅವತ್ತು ಬೆಂಕಿಯ ಸುತ್ತ ಕೂತಾಗ ರಂಗಪ್ಪನ ಕಥೆ ಶುರುವಾಯಿತು.

ಬೆಟ್ಟದ ದೇವರು ರಂಗನಾಥ, ಅಲ್ಲಿನ ಕಾಡಿನ ಜನ ಸೋಲಿಗರ ಹುಡುಗಿ ಕುಸುಮಾಲೆಯನ್ನು ಇಷ್ಟಪಟ್ಟು ಮದುವೆಯಾದ. ಹಾಗಾಗಿ ಸೋಲಿಗರಿಗೆ ಅವನು ದೇವರೂ ಹೌದು, ಭಾವನೂ ಹೌದು. ಅವನು ಕಾಡಿನಲ್ಲಿ ಓಡಾಡುತ್ತಾನೆ, ಹಾಗಾಗಿ ಅವನಿಗೆ ದೊಡ್ಡ ಚರ್ಮದ ಚಪ್ಪಲಿ ಮಾಡಿಸಿ ಒಪ್ಪಿಸುತ್ತಾರೆ. ಆ ಚಪ್ಪಲಿ ಸವೆದಿರುತ್ತದೆ ಅಂತ ನಂಬಿಕೆ. "ಸವೆದದ್ದನ್ನ ನೀನು ನೋಡಿದೀಯಾ ಅಜ್ಜಿ?" ಮಗ ಕೇಳಿದ. "ನೋಡಿದೀನಿ. ಚಿಕ್ಕವಳಿದ್ದಾಗ ತಲೆ ಮೇಲೆ ಇಡಿಸಿಕೊಂಡಿದೀನಿ." ಮಕ್ಕಳಿಬ್ಬರೂ ಬೆಂಕಿ ಬಿಟ್ಟು ಅಜ್ಜಿಯ ಮುಖ ನೋಡುತ್ತಿದ್ದರು. ನಾನು ಮದುವೆಯಾಗಿ ಇಷ್ಟು ವರ್ಷವಾದರೂ ಈ ಕಥೆ ಕೇಳಿರಲಿಲ್ಲ.

ಮಾರನೇ ದಿನ ಗ್ಲೇಸಿಯರ್ ಪಾಯಿಂಟ್‌ಗೆ ಹೋದೆವು. ಕಣಿವೆಯಿಂದ 3,200 ಅಡಿ ಮೇಲಿನ ಬಂಡೆಯ ಅಂಚು ಅದು. ಎದುರಿಗೆ ಹಾಫ್ ಡೋಮ್, ಅಂದರೆ ಅರ್ಧ ಗುಮ್ಮಟ ಅನ್ನುವ ದೊಡ್ಡ ಬಂಡೆ. ಒಂದು ಕಡೆ ಗುಂಡಗೆ, ಇನ್ನೊಂದು ಕಡೆ ಗೋಡೆಯಂತೆ ನೆಟ್ಟಗೆ. ಮಗನ ಪ್ರಶ್ನೆ ಸಹಜವಾಗಿಯೇ ಬಂತು. "ಇನ್ನರ್ಧ ಎಲ್ಲಿ ಹೋಯ್ತು?"

ಯಾರ ಕೈಯಲ್ಲೂ ಫೋನ್ ಇಲ್ಲ. ಮಗಳು ಭೂಕಂಪ ಅಂದಳು. ನನ್ನ ಗಂಡ ಹಿಮನದಿ ಕತ್ತರಿಸಿಕೊಂಡು ಹೋಗಿರಬೇಕು ಅಂದರು. ನಾನು ಅದನ್ನೇ ಒಪ್ಪಿದೆ. ಅತ್ತೆ, "ಹನುಮಂತ ಹೊತ್ತುಕೊಂಡು ಹೋಗಿರ್ತಾನೆ" ಅಂದರು, ಮಗನಿಗೆ ಅದೇ ಸರಿ ಅನ್ನಿಸಿತು. ಹಾಗಾದರೆ ಬಿದ್ದ ಚೂರುಗಳು ಕೆಳಗೆ ಎಲ್ಲಿವೆ ಅಂತ ಮಗಳು ಕಣಿವೆಯನ್ನೆಲ್ಲ ಕಣ್ಣಲ್ಲೇ ಹುಡುಕಿದಳು. ಒಂದು ಬಂಡೆಯನ್ನು ಅಷ್ಟು ಹೊತ್ತು ನೋಡಿದ್ದು ನನಗೆ ನೆನಪಿಲ್ಲ. ಉತ್ತರ ಗೊತ್ತಿದ್ದಿದ್ದರೆ ಐದು ನಿಮಿಷಕ್ಕೆ ಅಲ್ಲಿಂದ ಹೊರಟಿರುತ್ತಿದ್ದೆವು.

ಸಂಜೆ ಅಲ್ಲೇ ರೇಂಜರ್ ಒಬ್ಬರ ಮಾತು ಇತ್ತು. ಮಗ ಮೊದಲ ಸಾಲಿನಲ್ಲಿ ಕೂತು ಕೈ ಎತ್ತಿದ. ಅವರು ಹೇಳಿದ್ದು ನಮ್ಮೆಲ್ಲರ ಊಹೆಗಿಂತ ಬೇರೆಯೇ ಇತ್ತು. ಇನ್ನರ್ಧ ಅನ್ನುವುದು ಇರಲೇ ಇಲ್ಲ. ಡೋಮ್‌ನ ತುದಿಯ ಮೇಲೆ ಹಿಮನದಿ ಹರಿದೂ ಇಲ್ಲ. ಈ ಗ್ರಾನೈಟ್ ಕೋಟ್ಯಂತರ ವರ್ಷಗಳ ಹಿಂದೆ ನೆಲದಾಳದಲ್ಲಿ, ಭಾರಿ ಒತ್ತಡದ ಕೆಳಗೆ ಗಟ್ಟಿಯಾದದ್ದು. ಮೇಲಿದ್ದ ಬಂಡೆ ಸವೆದು ಹೋದಂತೆ ಭಾರ ಇಳಿಯಿತು, ಒಳಗಿನ ಕಲ್ಲು ಸ್ವಲ್ಪ ಸ್ವಲ್ಪವೇ ಹಿಗ್ಗಿತು, ಈರುಳ್ಳಿಯ ಹಾಗೆ ಪದರ ಪದರವಾಗಿ ಬಿರುಕು ಬಿಟ್ಟಿತು. ಪದರಗಳು ಕಳಚುತ್ತಾ ಹೋಗಿ ಗುಮ್ಮಟವಾಯಿತು. ನೆಟ್ಟಗಿರುವ ಕಡೆ ನೆಟ್ಟಗೇ ಬಿರುಕುಗಳಿದ್ದವು, ಬುಡವನ್ನು ಹಿಮನದಿ ಕೊರೆಯಿತು, ಮೇಲಿನದು ಚಪ್ಪಡಿ ಚಪ್ಪಡಿಯಾಗಿ ಉದುರಿತು. ಈಗಲೂ ಯೊಸೆಮಿಟಿಯಲ್ಲಿ ಬಂಡೆ ಉದುರುತ್ತಲೇ ಇದೆ.

ಆ ರೇಂಜರ್ ಇನ್ನೊಂದನ್ನೂ ಹೇಳಿದರು. ಈ ಕಣಿವೆಯ ಮೂಲ ಜನ ಅವಾನೀಚಿಗಳು. ಅವರ ಕಥೆಯಲ್ಲಿ ಹಾಫ್ ಡೋಮ್ ಒಬ್ಬ ಹೆಂಗಸು, ಹೆಸರು ಟಿಸ್ಸಿಯಾಕ್. ಗಂಡ ಹೆಂಡತಿ ಜಗಳವಾಡಿದ್ದಕ್ಕೆ ಇಬ್ಬರೂ ಕಲ್ಲಾದರು. ಬಂಡೆಯ ಮೇಲಿನ ಕಪ್ಪು ಗೆರೆಗಳು ಅವಳ ಕಣ್ಣೀರು. 1851ರಲ್ಲಿ ಚಿನ್ನದ ಆಸೆಗೆ ಬಂದವರ ಸಶಸ್ತ್ರ ಪಡೆ ಅವರ ಊರು ಸುಟ್ಟು ಅವರನ್ನು ಹೊರಗಟ್ಟಿತು. 1864ರಲ್ಲಿ ಅಧ್ಯಕ್ಷ ಲಿಂಕನ್ ಸಹಿ ಹಾಕಿ ಕಣಿವೆಯನ್ನು ಕಾಪಾಡಲು ಕ್ಯಾಲಿಫೋರ್ನಿಯಾಕ್ಕೆ ಕೊಟ್ಟರು, 1890ರಲ್ಲಿ ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಕಾಡು ಉಳಿಯಿತು, ಕಾಡಿನವರು ಉಳಿಯಲಿಲ್ಲ. ನನ್ನ ಗಂಡ ಇದನ್ನು ಮೆಲ್ಲಗೆ ಕನ್ನಡದಲ್ಲಿ ಹೇಳಿದಾಗ ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೌದಲ್ಲ, ಅಳ್ತಿರೋ ಹಂಗೇ ಇದೆ ಮುಖ" ಅಂದರು.

ಕತ್ತಲಾಯಿತು. ಹಾಲು ಚೆಲ್ಲಿದ ಹಾಗೆ ಅಂತೆಲ್ಲ ಬರೆಯಲಾರೆ. ಆಕಾಶಗಂಗೆ ಅಷ್ಟು ಸ್ಪಷ್ಟವಾಗಿ ಕಾಣುತ್ತದೆ ಅಂತ ನನ್ನ ಮಕ್ಕಳಿಗೆ ಗೊತ್ತೇ ಇರಲಿಲ್ಲ. ಅತ್ತೆಗೆ ಗೊತ್ತಿತ್ತು. ಹಳ್ಳಿಗೆ ಕರೆಂಟು ಬರುವ ಮೊದಲು ಅಂಗಳದಲ್ಲಿ ಮಲಗಿ ನೋಡಿದ್ದು ಅದೇ ಆಕಾಶ. ದಕ್ಷಿಣಕ್ಕೆ ತಿರುಗಿ ಅನುರಾಧ, ಜ್ಯೇಷ್ಠ, ಮೂಲ ಅಂತ ಒಂದೊಂದೇ ತೋರಿಸಿದರು. ಮಳೆಯ ಲೆಕ್ಕ ಬಂತು. "ಊರಲ್ಲಿ ಈಗ ಪುಷ್ಯ ಮಳೆ. ಆರಿದ್ರೆ ಮುಗೀತು. ಆದ್ರೆ ಆರಿದ್ರಾ, ಇಲ್ಲದಿದ್ರೆ ದರಿದ್ರ ಅಂತಿದ್ರು ನಮ್ಮಪ್ಪ." ಮಗ ಬಿಡಲಿಲ್ಲ. "ಹಂಗಾದ್ರೆ ಪುಷ್ಯ ನಕ್ಷತ್ರ ತೋರ್ಸು." ಅತ್ತೆ ಹುಡುಕಿದರು. ಸಿಗಲಿಲ್ಲ. ಪುಷ್ಯ ಮಳೆ ನಡೆಯುತ್ತಿರುವಾಗ ಪುಷ್ಯ ನಕ್ಷತ್ರವೇ ಇಲ್ಲ ಅಂದರೆ ಹೇಗೆ? ಆ ಪ್ರಶ್ನೆ ಹಾಗೇ ಉಳಿಯಿತು.

ಆಮೇಲೆ ಉತ್ತರಕ್ಕೆ ತಿರುಗಿದೆವು. ಸಪ್ತರ್ಷಿ ಮಂಡಲ, ವಸಿಷ್ಠನ ಪಕ್ಕ ಅರುಂಧತಿ. ಕ್ರತು, ಪುಲಹ ಎರಡನ್ನೂ ಸೇರಿಸಿ ಗೆರೆ ಎಳೆದರೆ ಧ್ರುವ. ಗೆರೆ ಎಳೆಯುತ್ತಿದ್ದ ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. "ಇದು ಧ್ರುವ ಅಲ್ಲ" ಅಂದರು. "ಧ್ರುವ ಇಷ್ಟು ಮೇಲೆ ಇರಲ್ಲ. ನಮ್ಮೂರಲ್ಲಿ ಹೊಲದ ಅಂಚಿನ ಮರದ ಸಾಲಿಂದ ಸ್ವಲ್ಪ ಮೇಲೆ, ಅಷ್ಟೇ. ಇದು ಆಕಾಶದ ಅರ್ಧಕ್ಕೆ ಹತ್ತಿರ ಬಂದಿದೆಯಲ್ಲ."

ಧ್ರುವ ಅಲುಗಾಡುವುದಿಲ್ಲ ಅನ್ನುವುದೇ ಅದರ ದೊಡ್ಡ ಗುಣ. ಅಂಥದ್ದು ಜಾಗ ಬದಲಿಸಿದೆ ಅಂದರೆ? ಅವರ ಧ್ವನಿಯಲ್ಲಿ ನಿಜವಾದ ಆತಂಕ ಇತ್ತು. ನಮಗೆ ಯಾರಿಗೂ ಥಟ್ ಅಂತ ಹೇಳಲು ಬರಲಿಲ್ಲ. ಮಗಳು ಕೈ ಚಾಚಿ ಮುಷ್ಟಿ ಕಟ್ಟಿ ಅಳೆದಳು. ಚಾಚಿದ ಕೈಯ ಒಂದು ಮುಷ್ಟಿ ಸುಮಾರು 10 ಡಿಗ್ರಿ ಅಂತ ಅವಳಿಗೆ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ಹತ್ತಿರ ಹತ್ತಿರ ನಾಲ್ಕು ಮುಷ್ಟಿ. "ನಿಮ್ಮೂರಲ್ಲಿ ಎಷ್ಟಿತ್ತು ಅಜ್ಜಿ?" ಅತ್ತೆ ಕಣ್ಣು ಮುಚ್ಚಿ ನೆನೆಸಿಕೊಂಡು ತಮ್ಮ ಮುಷ್ಟಿ ಚಾಚಿದರು. "ಒಂದು. ಮೇಲೆ ಒಂಚೂರು."

ಟೆಂಟಿನಲ್ಲಿ ಮಲಗಿದ ಮೇಲೂ ಮಗಳು ಹೊರಳಾಡುತ್ತಿದ್ದಳು. ಬೆಳಿಗ್ಗೆ ನಾನು ಕಾಫಿ ಕಾಸುವ ಹೊತ್ತಿಗೆ ಅವಳು ಮೇಜಿನ ಮೇಲೆ ಒಂದು ಕಿತ್ತಳೆ ಹಣ್ಣಿಟ್ಟುಕೊಂಡು ಕೂತಿದ್ದಳು. ಹಣ್ಣಿನ ತುದಿಗೆ ಒಂದು ಹಲ್ಲುಕಡ್ಡಿ, ಅದು ಧ್ರುವದ ದಿಕ್ಕು. ನಡುಗೆರೆಯಿಂದ ಸ್ವಲ್ಪ ಮೇಲೆ ಒಂದು ಮೆಣಸು ಚುಚ್ಚಿದ್ದಳು, ಅದು ಯಳಂದೂರು. ಇನ್ನೂ ಮೇಲೆ ಇನ್ನೊಂದು, ಅದು ನಾವು. ಯಳಂದೂರಿನಲ್ಲಿ ನಿಂತವರಿಗೆ ಹಲ್ಲುಕಡ್ಡಿಯ ದಿಕ್ಕು ನೆಲದ ಅಂಚಿನ ಹತ್ತಿರ ಬರುತ್ತದೆ. ಮೇಲೆ ಮೇಲೆ ಹೋದಷ್ಟೂ ಅದು ತಲೆಯ ಮೇಲಕ್ಕೆ ಏರುತ್ತದೆ. ಉತ್ತರ ಧ್ರುವದಲ್ಲಿ ನಿಂತರೆ ನೆತ್ತಿಯ ಮೇಲೇ. "ಧ್ರುವ ಅಲ್ಲೇ ಇದೆ ಅಜ್ಜಿ. ನೀನೇ ಗುಂಡಗಿರೋ ಭೂಮಿ ಮೇಲೆ ಹತ್ತಿ ಬಂದಿದೀಯ!"

ಅದು ಅಕ್ಷಾಂಶ. ಯಳಂದೂರು ಸುಮಾರು 12 ಡಿಗ್ರಿ, ಯೊಸೆಮಿಟಿ 37ರಿಂದ 38. ಧ್ರುವ ಎಷ್ಟು ಎತ್ತರದಲ್ಲಿ ಕಾಣುತ್ತದೋ ಅಷ್ಟೇ ನಿಮ್ಮ ಅಕ್ಷಾಂಶ. ಅತ್ತೆಯ ನೆನಪಿನ "ಒಂದು ಮುಷ್ಟಿ, ಮೇಲೆ ಒಂಚೂರು" ಎಷ್ಟು ಕರಾರುವಾಕ್ಕು ನೋಡಿ! ನಾನಿದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದವಳು. ಅಜ್ಜಿ ಮೊಮ್ಮಗಳು ಸೇರಿ ಅದನ್ನು ಒಂದು ಹಣ್ಣಿನ ಮೇಲೆ ತಾವೇ ಕಂಡುಹಿಡಿದರು. ಒಬ್ಬರ ಹತ್ತಿರ ನೋಡಿದ ನೆನಪಿತ್ತು, ಇನ್ನೊಬ್ಬಳ ಹತ್ತಿರ ಲೆಕ್ಕ ಇತ್ತು. ಅವತ್ತು ರಾತ್ರಿ ಕೈಯಲ್ಲಿ ಫೋನಿದ್ದಿದ್ದರೆ ಆಕಾಶಕ್ಕೆ ಹಿಡಿದು ಹೆಸರು ಓದಿ ಮುಗಿಸಿರುತ್ತಿದ್ದೆವು. ಅತ್ತೆ "ಹೌದಾ" ಅಂದು ಸುಮ್ಮನಾಗಿರುತ್ತಿದ್ದರು.

ಉಳಿದ ದಿನಗಳಲ್ಲಿ ಒಂದು ಹೊಳೆಯ ಪಕ್ಕ ಸುಮ್ನೆ ಕೂತೆವು, ಒಂದು ಕೊಳದಂಥ ಜಾಗದಲ್ಲಿ ಮಕ್ಕಳು ನಡುಗುತ್ತಾ ನೀರಿಗಿಳಿದರು, ಮೇಜಿನ ಮೇಲಿಟ್ಟ ಚಪಾತಿಯನ್ನು ತಲೆಗೆ ಜುಟ್ಟಿರುವ ಒಂದು ನೀಲಿ ಹಕ್ಕಿ ಹಾರಿಸಿಕೊಂಡು ಹೋಯಿತು. ಅದರ ಹೆಸರು ಸ್ಟೆಲ್ಲರ್ಸ್ ಜೇ ಅಂತ ಪಕ್ಕದ ಟೆಂಟಿನ ಅಜ್ಜ ಹೇಳಿದರು. ಹೆಸರು ಕೇಳಲು ಹೋದ ಮಗ ಅಲ್ಲೇ ಅರ್ಧ ಗಂಟೆ ಕೂತು ಬಂದ. ಹೀಗೆ ನಮಗೆ ಎಡಬಲದ ಟೆಂಟಿನವರೆಲ್ಲ ಪರಿಚಯವಾದರು.

ಮಾರಿಪೋಸಾ ಗ್ರೋವ್ ಬಗ್ಗೆ ಮಾತ್ರ ಬರೆಯಲೇಬೇಕು. ಉದ್ಯಾನದ ದಕ್ಷಿಣದ ಬಾಗಿಲ ಹತ್ತಿರ ಇರುವ ಸಿಕೋಯಾ ಮರಗಳ ತೋಪು ಅದು. ಬೆಳೆದು ನಿಂತ ಮರಗಳೇ 500ಕ್ಕೂ ಹೆಚ್ಚು. ಗ್ರಿಜ್ಲಿ ಜೈಂಟ್ ಅನ್ನುವ ಮರಕ್ಕೆ ಸುಮಾರು 3,000 ವರ್ಷ ಅಂತ ಅಂದಾಜು. 1903ರ ಮೇ ತಿಂಗಳಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್, ಈ ಕಾಡು ಉಳಿಸಲು ಹೋರಾಡಿದ ಜಾನ್ ಮ್ಯೂರ್ ಜೊತೆ ಮೊದಲ ರಾತ್ರಿ ಮಲಗಿದ್ದು ಈ ತೋಪಿನಲ್ಲೇ. ಹಿಂಬಾಲಕರನ್ನೆಲ್ಲ ಬಿಟ್ಟು ಬಂದಿದ್ದರು. ಮಾರನೇ ರಾತ್ರಿ ಗ್ಲೇಸಿಯರ್ ಪಾಯಿಂಟ್ ಕಡೆ ಮಲಗಿ ಬೆಳಿಗ್ಗೆ ಏಳುವಾಗ ಹೊದಿಕೆಯ ಮೇಲೆ ಹಿಮ ಬಿದ್ದಿತ್ತು. ಆ ಮಾತುಕತೆಯ ಫಲ ದೊಡ್ಡದು. 1906ರಲ್ಲಿ ಕಣಿವೆ ಮತ್ತು ಈ ತೋಪು ಎರಡೂ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದವು.

ಅಲ್ಲಿ ಕೆಲವು ಮರಗಳ ಬುಡ ಕರಕಲಾಗಿತ್ತು. ಇಷ್ಟು ಹಳೆಯ ಮರಕ್ಕೆ ಯಾಕೆ ಬೆಂಕಿ ಬೀಳಲು ಬಿಟ್ಟರು ಅಂತ ಮಗಳು ಅಲ್ಲಿದ್ದ ರೇಂಜರನ್ನು ಕೇಳಿದಳು. ಅವರು ವಿವರವಾಗಿ ಹೇಳಿದರು. ಸಿಕೋಯಾ ಮರಕ್ಕೆ ಬೆಂಕಿ ಬೇಕು. ತೊಗಟೆ ಎರಡು ಅಡಿ ದಪ್ಪದವರೆಗೂ ಇರುತ್ತದೆ, ಸಣ್ಣ ಬೆಂಕಿ ಅದನ್ನು ದಾಟುವುದಿಲ್ಲ. ಕಾಯಿಗಳು ವರ್ಷಗಟ್ಟಲೆ ಮುಚ್ಚಿಕೊಂಡೇ ಮರದ ಮೇಲಿರುತ್ತವೆ. ಬೆಂಕಿಯ ಶಾಖಕ್ಕೆ ಒಣಗಿ ಬಿರಿದು ಬೀಜ ಉದುರಿಸುತ್ತವೆ. ಕೆಳಗಿನ ತರಗು ಸುಟ್ಟು ಬರೀ ಮಣ್ಣು ಸಿಕ್ಕಾಗ ಬೀಜ ಮೊಳೆಯುತ್ತದೆ. ಬೆಂಕಿಯನ್ನೇ ಬಿಡಬಾರದು ಅಂತ ದಶಕಗಟ್ಟಲೆ ಆರಿಸುತ್ತಾ ಬಂದಾಗ ಹೊಸ ಸಸಿಗಳೇ ಬರಲಿಲ್ಲ. ಬದಲಿಗೆ ತರಗು, ಸಣ್ಣ ಮರಗಳು ತುಂಬಿಕೊಂಡು ದೊಡ್ಡ ಬೆಂಕಿಗೆ ದಾರಿಯಾಯಿತು. ಈಗ ಅವರೇ ನೋಡಿಕೊಂಡು ಸಣ್ಣ ಬೆಂಕಿ ಹಾಕುತ್ತಾರೆ. 2022ರ ಜುಲೈನಲ್ಲಿ ವಾಶ್‌ಬರ್ನ್ ಕಾಡ್ಗಿಚ್ಚು ಈ ತೋಪಿನ ಅಂಚಿಗೇ ಬಂದಾಗ ಮರಗಳು ಉಳಿಯಲು ಹಿಂದೆ ಹಾಕಿದ್ದ ಈ ಬೆಂಕಿಗಳೂ ಕಾರಣ. ಇಲ್ಲಿನ ಮೂಲ ಜನರೂ ಹಿಂದೆ ಹೀಗೇ ಸುಡುತ್ತಿದ್ದರಂತೆ.

ಅತ್ತೆಗೆ ಇಷ್ಟನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅವರು ತಲೆ ಆಡಿಸತೊಡಗಿದರು. "ತರಗು ಬೆಂಕಿ! ನಮ್ಮ ಬೆಟ್ಟದಲ್ಲಿ ಸೋಲಿಗರು ಹಾಕ್ತಿದ್ರಲ್ಲ, ಅದೇ ಇದು." ಅವರು ಹೇಳುತ್ತಾ ಹೋದರು, ನನ್ನ ಗಂಡ ಇಂಗ್ಲಿಷಿನಲ್ಲಿ ರೇಂಜರ್‌ಗೆ ಹೇಳುತ್ತಾ ಹೋದರು. ಬೇಸಿಗೆ ಬಲಿಯುವ ಮೊದಲು, ನೆಲದಲ್ಲಿ ಇನ್ನೂ ಸ್ವಲ್ಪ ಹಸಿ ಇರುವಾಗ ಹಾಕುವ ಬೆಂಕಿ ಅದು. ತರಗು ಮಾತ್ರ ಸುಡುತ್ತದೆ, ಮರಕ್ಕೆ ತಾಗುವುದಿಲ್ಲ. ಆಮೇಲೆ ಹುಲ್ಲು ಚೆನ್ನಾಗಿ ಬರುತ್ತದೆ. 1974ರಲ್ಲಿ ಬೆಟ್ಟ ವನ್ಯಜೀವಿ ಧಾಮವಾಯಿತು. ಮುಂದೆ ಆ ಬೆಂಕಿಗಳೂ ನಿಂತವು. ಕಾಡಿನೊಳಗೆಲ್ಲ ಲಂಟಾನ ಅನ್ನುವ ಕಳೆ ಗಿಡ ತುಂಬಿಕೊಂಡಿತು. ಲಂಟಾನಕ್ಕೆ ಕಾರಣ ಬೆಂಕಿ ನಿಂತದ್ದೇ ಅಂತ ಸೋಲಿಗರು ಇವತ್ತಿಗೂ ಹೇಳುತ್ತಾರೆ. 2011ರಲ್ಲಿ ಅವರಿಗೆ ಆ ಕಾಡಿನ ಮೇಲೆ ಸಮುದಾಯದ ಹಕ್ಕು ಸಿಕ್ಕಿತು, ಬೆಂಕಿಯ ವಿಷಯ ಮಾತ್ರ ಹಾಗೇ ಇದೆ.

ಆ ರೇಂಜರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಅತ್ತೆಯ ಪಕ್ಕ ಬೆಂಚಿನ ಮೇಲೆ ಕೂತರು. ಅಲ್ಲಿಂದ ಮುಂದೆ ಪ್ರಶ್ನೆ ಕೇಳಿದ್ದೆಲ್ಲ ಅವರೇ. ಯಾವ ತಿಂಗಳು? ಗಾಳಿ ನೋಡ್ತಿದ್ರಾ? ಎಷ್ಟು ವರ್ಷಕ್ಕೊಮ್ಮೆ? ದೊಡ್ಡ ಮರಗಳಿಗೆ ಪೂಜೆ ಇದೆಯಾ? ಅತ್ತೆ ದೊಡ್ಡ ಸಂಪಿಗೆ ಮರದ ಬಗ್ಗೆ ಹೇಳಿದರು. ಸೋಲಿಗರಿಗೆ ಅದು ದೇವರು, ಬುಡದಲ್ಲಿ ಪೂಜೆ ನಡೆಯುತ್ತದೆ. ಅಮೆರಿಕಕ್ಕೆ ಬಂದ ಮೇಲೆ ಅತ್ತೆಯನ್ನು ಯಾರಾದರೂ ಹೊರಗಿನವರು ಇಷ್ಟು ಆಸಕ್ತಿಯಿಂದ ಏನಾದರೂ ಕೇಳಿದ್ದು ನಾನು ನೋಡಿರಲಿಲ್ಲ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಮನೆಯಲ್ಲಿ ಟಿವಿ ರಿಮೋಟ್ ಒತ್ತಲು ಬರದ ಅಜ್ಜಿ ಇಲ್ಲಿ ರೇಂಜರ್‌ಗೆ ಪಾಠ ಹೇಳುತ್ತಿದ್ದಾರೆ.

ಈ ಬರಹ ಬರೆಯಲು ಕೂತದ್ದೇ ಇದಕ್ಕೆ. ನಮ್ಮ ಮನೆಗಳಲ್ಲಿ ಹಿರಿಯರಿಗೆ ಗೊತ್ತಿರುವುದು ಬಹಳ. ಅದು ತಾನಾಗಿ ಹೊರಗೆ ಬರುವುದಿಲ್ಲ, ಯಾರಾದರೂ ಕೇಳಬೇಕು. ಕೇಳುವ ಜಾಗದಲ್ಲಿ ಈಗ ಫೋನ್ ಕೂತಿದೆ. ಫೋನಿಗೆ ಸಿಕೋಯಾ ಗೊತ್ತು, ತರಗು ಬೆಂಕಿಯೂ ಗೊತ್ತಿರಬಹುದು. ಆದರೆ ಅಜ್ಜಿಗೆ ಗೊತ್ತಿದೆ ಅನ್ನುವುದು ಅದು ನನ್ನ ಮಕ್ಕಳಿಗೆ ಹೇಳುವುದಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಪುಷ್ಯ ನಕ್ಷತ್ರದ ಮಾತು ಮತ್ತೆ ಎದ್ದಿತು. ಈ ಸಲ ದಾರಿಯುದ್ದಕ್ಕೂ ವಾದ. ಕೊನೆಗೆ ನನ್ನ ಗಂಡನಿಗೆ ಹೊಳೆಯಿತು. ಪುಷ್ಯ ಮಳೆ ಅಂದರೆ ಸೂರ್ಯ ಪುಷ್ಯ ನಕ್ಷತ್ರದಲ್ಲಿರುವ ಕಾಲ. ಸೂರ್ಯನ ಜೊತೆಗೇ ಹುಟ್ಟಿ ಸೂರ್ಯನ ಜೊತೆಗೇ ಮುಳುಗುವ ನಕ್ಷತ್ರ ರಾತ್ರಿ ಹೇಗೆ ಕಾಣಬೇಕು? ಚಳಿಗಾಲದ ರಾತ್ರಿಯಲ್ಲಿ ನೋಡಬೇಕು. "ಅಲ್ವಾ!" ಅಂತ ಅತ್ತೆ ಕೈ ತಟ್ಟಿದರು. ಮನೆ ಮುಟ್ಟಿದ ಕೂಡಲೇ ಮೊದಲು ಅವರಿಗೇ ಫೋನ್ ಕೊಟ್ಟೆವು, ಮೈಸೂರಿಗೆ ಕಾಲ್ ಮಾಡಲು. ಒಂದು ಗಂಟೆ ಮಾತಾಡಿದರು.

ಈಗ ಡಿಸೆಂಬರಿನಲ್ಲಿ ಊರಿಗೆ ಹೋಗುವುದು ಅಂತ ಆಗಿದೆ. ನಮ್ಮ ಕಡೆ ಹುಲಿ, ಆನೆ ಇರುವ ಕಾಡಿನಲ್ಲಿ ಯೊಸೆಮಿಟಿಯ ಹಾಗೆ ನಾವೇ ಟೆಂಟ್ ಹೊತ್ತುಕೊಂಡು ಹೋಗಿ ಹಾಕಲು ಆಗುವುದಿಲ್ಲ, ಬಿಡಲೂಬಾರದು. ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಲ್ಲಿ ಉಳಿದುಕೊಳ್ಳಲು ವ್ಯವಸ್ಥೆ ಇದೆ, ಅಲ್ಲಿ ಕೇಳಬೇಕು. ಮಗನಿಗೆ ರಂಗಪ್ಪನ ಚಪ್ಪಲಿ ನೋಡಬೇಕು. ಮಗಳಿಗೆ ಧ್ರುವ ಅಳೆಯಬೇಕು. ಅವಳ ನೋಟ್‌ಬುಕ್ಕಿನಲ್ಲಿ "ಯಳಂದೂರು" ಅಂತ ಬರೆದು ಪಕ್ಕದಲ್ಲಿ ಜಾಗ ಬಿಟ್ಟಿದ್ದಾಳೆ. ಡಿಸೆಂಬರಿನಲ್ಲಿ ಸಪ್ತರ್ಷಿ ಮಂಡಲ ಸಂಜೆ ಕಾಣುವುದಿಲ್ಲ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೊಲಕ್ಕೆ ಹೋಗಬೇಕು ಅಂತ ಅತ್ತೆ ಆಗಲೇ ಹೇಳಿಬಿಟ್ಟಿದ್ದಾರೆ. ಎಬ್ಬಿಸುವ ಕೆಲಸ ಅವರದೇ.